ಬೋಗುಣಿ ಹಿಡಿಯದ ಕೈ

ಚೀನಾದ ಈಶಾನ್ಯ ಭಾಗದ ಬಂದರು ನಗರ ದಾಲಿಯನ್. ಐಟಿ ಕೆಲಸಕ್ಕೆ ಅಂತ ಇಲ್ಲಿಗೆ ಬಂದ ಭಾರತೀಯರಲ್ಲಿ ನಾನೂ ಒಬ್ಬ. ಮೊನ್ನೆ ಶನಿವಾರ ಸಂಜೆ ಎಣ್ಣೆ ಬಾಟಲಿಗೆ ಫೋನ್ ಒರಗಿಸಿ, ಅವ್ವನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡ್ತಾ, ಅರ್ಧ ಕೆ.ಜಿ. ಮಾಂಸದ ತುಂಡನ್ನು ತಣ್ಣೀರಿನ ಪಾತ್ರೆಗೆ ಇಳಿಸಿದೆ.

"ಯಾವ ಮಾಂಸನ್ಲಾ ಅದು, ಅಷ್ಟೊಂದು ಕೊಬ್ಬೈತೆ?"

"ಹಂದಿದು ಕಣವ್ವ."

ಅವ್ವ ಸುಮ್ಮನಾದಳು. ನಮ್ಮನೇಲಿ ಕೋಳಿ, ಕುರಿ ತಿಂತೀವಿ, ಹಂದಿ ಮಾಡಿದ್ದಿಲ್ಲ. ಹೋದ ವರ್ಷ ಸಹೋದ್ಯೋಗಿಯ ಹಳ್ಳಿಗೆ ಹೋಗಿದ್ದು, ಅಲ್ಲಿ ಹಂದಿ ಕೊಯ್ದಿದ್ದು, ಈ ಅಡುಗೆ ಕಲಿತಿದ್ದು ಎಲ್ಲ ಹೇಳಿದೆ.

"ಕೊಯ್ಯೋದ ನೋಡ್ದಾ?"

"ಇಲ್ಲ. ಮನೆ ಹಿಂದಕ್ಕೆ ಹೋಗ್ಬಿಟ್ಟೆ."

"ಆಮೇಲೆ ತಿಂದ್ಯಾ?"

"ಮೂರು ಬಟ್ಟಲು."

ಅವ್ವ ಜೋರಾಗಿ ನಕ್ಕಳು. ನನಗೆ ನಗು ಬರಲಿಲ್ಲ.

ಈ ಕಡೆಗೆ ದೊಂಗ್‌ಬೇ ಅಂತಾರೆ. ಹಾರ್ಬಿನ್ ಕಡೆ ಹೋದರೆ ಚಳಿಗಾಲದಲ್ಲಿ ಮೈನಸ್ 20 ಡಿಗ್ರಿ ಮಾಮೂಲು. ಹಿಂದೆಲ್ಲ ಚಳಿ ಮುಗಿಯುವವರೆಗೆ ಹೊಲದಲ್ಲಿ ಹಸಿರು ಅನ್ನೋದೇ ಸಿಗ್ತಿರಲಿಲ್ಲ. ಅದಕ್ಕೇ ಚಳಿ ಬೀಳುವ ಮೊದಲು ಉದ್ದನೆಯ ಚೈನೀಸ್ ಕೋಸನ್ನು ಬಿಸಿಲಿಗೆ ಬಾಡಿಸಿ, ದೊಡ್ಡ ಜಾಡಿಯಲ್ಲಿ ಉಪ್ಪು ಹಾಕಿ ಜೋಡಿಸಿ, ಮೇಲೆ ಕಲ್ಲು ಹೇರಿ, ಮುಳುಗುವಷ್ಟು ನೀರು ತುಂಬಿಡ್ತಾರೆ. ಇದು ಸುವಾನ್‌ಸಾಯ್, ಅಂದರೆ ಹುಳಿ ತರಕಾರಿ. ನಮ್ಮ ದೋಸೆ ಹಿಟ್ಟು ಹುಳಿ ಬರಿಸುವ ಜಾತಿಯ ಬ್ಯಾಕ್ಟೀರಿಯಾಗಳೇ ಇಲ್ಲೂ ಕೆಲಸ ಮಾಡೋದು. ಅವಸರ ಮಾಡುವ ಹಾಗಿಲ್ಲ. ಮೊದಲ ದಿನಗಳಲ್ಲಿ ಕೋಸಿನಲ್ಲಿ ನೈಟ್ರೈಟ್ ಏರಿ ಆಮೇಲೆ ಇಳಿಯುತ್ತದೆ. ಅದಕ್ಕೇ ಒಂದು ತಿಂಗಳು ಜಾಡಿಗೆ ಕೈ ಹಾಕಬೇಡ ಅಂತಾರೆ.

ಅಡುಗೆ ಸುಲಭ. ಹಂದಿಯ ಹೊಟ್ಟೆಭಾಗದ ಮಾಂಸವನ್ನು ಇಡಿಯಾಗಿ ಶುಂಠಿ, ಸ್ಪ್ರಿಂಗ್ ಆನಿಯನ್, ಚಕ್ರಮೊಗ್ಗಿನ ಜೊತೆ ಬೇಯಿಸಿ, ನೊರೆ ತೆಗೆದು, ಆರಿದ ಮೇಲೆ ತೆಳ್ಳಗೆ ಹೆಚ್ಚಬೇಕು. ಹುಳಿ ಕೋಸನ್ನು ತೊಳೆದು, ಹಿಂಡಿ, ಎಳೆಎಳೆಯಾಗಿ ಕತ್ತರಿಸಿ ಹಂದಿ ಕೊಬ್ಬಿನಲ್ಲಿ ಬಾಡಿಸಿ, ಮಾಂಸ ಬೆಂದ ನೀರನ್ನೇ ಸುರಿದು ಅರ್ಧ ಗಂಟೆ ಕುದಿಸಬೇಕು. ಕೊನೆಗೆ ಆಲೂಗಡ್ಡೆ ಹಿಟ್ಟಿನ ಶಾವಿಗೆ, ಹೆಚ್ಚಿದ ಮಾಂಸ. ನಂಚಿಕೊಳ್ಳೋಕೆ ಜಜ್ಜಿದ ಬೆಳ್ಳುಳ್ಳಿ, ಸೋಯಾ ಸಾಸ್. ಕೊಬ್ಬಿನ ಜಿಡ್ಡನ್ನು ಹುಳಿ ಮುರಿಯುತ್ತದೆ, ಹುಳಿಯ ಒಗರನ್ನು ಕೊಬ್ಬು ಮೆದು ಮಾಡುತ್ತದೆ. ಕೊಡಗಿನವರು ಪಂದಿ ಕರಿಗೆ ಕಾಚಂಪುಳಿ ಹಾಕೋದೂ ಹೆಚ್ಚುಕಮ್ಮಿ ಇದೇ ಲೆಕ್ಕಕ್ಕೆ.

ಹಳ್ಳಿಯಲ್ಲಿ ಇದರ ದೊಡ್ಡ ರೂಪಕ್ಕೆ 'ಶಾ ಜೂ ಸಾಯ್' ಅಂತಾರೆ, ಅಂದರೆ ಹಂದಿ ಕೊಯ್ದ ದಿನದ ಅಡುಗೆ. ಚಾಂದ್ರಮಾನದ ಹನ್ನೆರಡನೇ ತಿಂಗಳಲ್ಲಿ, ಹೊಸ ವರ್ಷದ ಹಬ್ಬಕ್ಕೆ ಮುಂಚೆ, ಮನೆಯಲ್ಲಿ ಸಾಕಿದ ಹಂದಿಯನ್ನು ಕೊಯ್ದು ನೆರೆಹೊರೆಯವರನ್ನೆಲ್ಲ ಕರೆದು ಉಣ್ಣೋದು. ಸಹೋದ್ಯೋಗಿಯ ತಾಯಿಯನ್ನು ನಾನು ಅಲ್ಲಿನವರ ಥರ 'ಆಯಿ' ಅಂತಲೇ ಕರೀತೀನಿ. ಆ ಹಂದಿಯನ್ನು ಒಂದು ವರ್ಷ ಸಾಕಿದ್ದು ಅವರೇ, ಜೋಳ ಮತ್ತು ಮನೆಯ ಮಿಕ್ಕಿದ್ದು ಹಾಕಿ.

ನಾಲ್ಕೈದು ಜನ ಹಂದಿ ಹಿಡಿದರು. ಚೂರಿ ಪಕ್ಕದ ಮನೆಯವರ ಕೈಲಿತ್ತು. ರಕ್ತವನ್ನು ಬೋಗುಣಿಯಲ್ಲಿ ಹಿಡಿದು, ಉಪ್ಪು ಹಾಕಿ, ಹೆಪ್ಪುಗಟ್ಟದ ಹಾಗೆ ಕಲಕುತ್ತಿರಬೇಕು. ಅದನ್ನು ಕರುಳಿಗೆ ತುಂಬಿ ಬೇಯಿಸಿದರೆ ರಕ್ತದ ಸಾಸೇಜು. ಯಾರೋ ಬೋಗುಣಿಯನ್ನು ನನ್ನ ಕಡೆ ಚಾಚಿ, "ಹಿಡ್ಕೋ" ಅಂದರು. ನಾನು ತಲೆಯಾಡಿಸಿ ಮನೆ ಹಿಂದಿನ ಜೋಳದ ರಾಶಿಯ ಹತ್ತಿರ ಹೋಗಿ ನಿಂತೆ. ಕೂಗು ಅಲ್ಲಿಗೂ ಕೇಳಿಸಿತು. ವಾಪಸ್ ಬಂದಾಗ ಇನ್ಯಾರೋ ಬೋಗುಣಿ ಹಿಡಿದಿದ್ದರು.

ಚಿಕ್ಕವನಿದ್ದಾಗ ಊರ ಹಬ್ಬದಲ್ಲೂ ಹೀಗೇ. ಕುರಿ ಕೊಯ್ಯೋ ಹೊತ್ತಿಗೆ "ಮಕ್ಕಳೆಲ್ಲ ಒಳಗೆ ನಡೀರಿ" ಅಂತಿದ್ದರು. ಮಧ್ಯಾಹ್ನ ಎಲೆ ಮುಂದೆ ಕೂರೋಕೆ ಮಾತ್ರ ನಾವೇ ಮೊದಲು.

ಈ ಪೇಚು ಚೀನಾದಲ್ಲಿ ಬಹಳ ಹಳೆಯದು. ಕ್ರಿ.ಪೂ. 4ನೇ ಶತಮಾನದ ಚಿಂತಕ ಮೆನ್ಶಿಯಸ್‌ನ ಹೆಸರಿನ ಗ್ರಂಥದಲ್ಲಿ ಒಬ್ಬ ದೊರೆಯ ಪ್ರಸಂಗ ಬರುತ್ತದೆ. ಹೊಸ ಗಂಟೆಗೆ ರಕ್ತದ ಶಾಸ್ತ್ರ ಮಾಡೋಕೆ ಒಂದು ಎತ್ತನ್ನು ಎಳೆದೊಯ್ಯುತ್ತಿರುತ್ತಾರೆ. ಅದು ಹೆದರಿ ನಡುಗೋದನ್ನು ನೋಡಲಾಗದೆ ದೊರೆ, ಇದನ್ನು ಬಿಡಿ, ಬದಲಿಗೆ ಕುರಿ ತನ್ನಿ ಅಂತಾನೆ. ಎತ್ತಿನ ಬೆಲೆ ಉಳಿಸೋಕೆ ಹೀಗೆ ಮಾಡಿದ ಅಂತ ಜನ ಆಡಿಕೊಳ್ಳುತ್ತಾರೆ. ಮೆನ್ಶಿಯಸ್ ಮಾತ್ರ ದೊರೆಯ ಪರ ನಿಲ್ಲುತ್ತಾನೆ: ನೀನು ಎತ್ತನ್ನು ನೋಡಿದ್ದೆ, ಕುರಿಯನ್ನು ನೋಡಿರಲಿಲ್ಲ, ಅಷ್ಟೇ, ಸಜ್ಜನರು ಅಡುಗೆಮನೆಯಿಂದ ದೂರ ಇರೋದೂ ಇದೇ ಕಾರಣಕ್ಕೆ.

ಮೊದಲ ಸಲ ಓದಿದಾಗ ಸಮಾಧಾನ ಆಗಿತ್ತು. ಜೋಳದ ರಾಶಿಯ ಹಿಂದೆ ನಿಂತವನಿಗೆ ಇದಕ್ಕಿಂತ ಒಳ್ಳೆ ವಕೀಲ ಬೇಕಾ? ಆದರೆ ಆ ಕುರಿ ನನ್ನನ್ನು ಬಿಡಲಿಲ್ಲ. ಅದನ್ನು ಯಾರೂ ನೋಡಲಿಲ್ಲ, ಆದ್ದರಿಂದ ಅದು ಸಾಯಬಹುದು! ಇಲ್ಲೇ ನಮ್ಮ ಗೋವಿನ ಹಾಡಿನ ಹುಲಿ ನೆನಪಾಯಿತು. ಅದಕ್ಕೂ ಪುಣ್ಯಕೋಟಿಯನ್ನು ತಿನ್ನೋಕೆ ಆಗಲಿಲ್ಲ. ಆದರೆ ಅದು ತನಗೆ ಗುರುತಿಲ್ಲದ ಇನ್ನೊಂದು ಹಸು ಹುಡುಕಲಿಲ್ಲ. ತನ್ನ ಪ್ರಾಣವನ್ನೇ ಬಿಟ್ಟಿತು. ಅಷ್ಟು ದೂರ ನಾವ್ಯಾರೂ ಹೋಗಬೇಕಿಲ್ಲ ಬಿಡಿ. ಆದರೂ ಕರುಣೆಗೆ ಬೆಲೆ ಇದೆ, ಅದನ್ನು ಬೇರೆಯವರ ಲೆಕ್ಕಕ್ಕೆ ಬರೆಯುವ ಹಾಗಿಲ್ಲ ಅನ್ನೋದು ಆ ಹುಲಿಗೆ ಗೊತ್ತಿತ್ತು.

ನಾವು ಬರೀತೀವಿ. ಪ್ರಾಣಿಯ ಮೇಲಷ್ಟೇ ಅಲ್ಲ, ಮನುಷ್ಯರ ಮೇಲೂ. ಕನ್ನಡದ 'ಕಟುಕ' ಅನ್ನೋ ಪದವನ್ನೇ ನೋಡಿ. ಮಾಂಸ ಕಡಿಯುವವನೂ ಕಟುಕ, ಹೃದಯ ಇಲ್ಲದವನೂ ಕಟುಕ. ಆ್ಯಪ್‌ನಲ್ಲಿ ಅರ್ಧ ಕೆ.ಜಿ. ತರಿಸಿಕೊಂಡು ತಿನ್ನುವ ನನಗೆ ಅಂಥ ಹೆಸರಿಲ್ಲ. ನನ್ನ ಮನಸ್ಸು ಮೃದುವಾಗಿ ಉಳಿಯಲಿ ಅಂತ ಇನ್ನೊಬ್ಬನ ಕೈಗೆ ಚೂರಿ ಕೊಟ್ಟು, ಆಮೇಲೆ ಅವನ ಮನಸ್ಸು ಗಟ್ಟಿ ಅಂತ ದೂರೋದು ಯಾವ ನ್ಯಾಯ?

ಹಾಗಂತ ನೋಡಿಬಿಟ್ಟರೆ ಎಲ್ಲ ಸರಿಹೋಗುತ್ತೆ ಅಂತಲೂ ನಾನು ಹೇಳಲ್ಲ. ದಿನಾ ನೋಡಿ ಮರಗಟ್ಟುವವರೂ ಇರ್ತಾರೆ. ಮೆನ್ಶಿಯಸ್‌ನ ಭಯ ಸುಳ್ಳಲ್ಲ. ನೋಡಿದ ಮಾತ್ರಕ್ಕೆ ಹಂದಿಯ ಸಾವೂ ಹಗುರ ಆಗಲ್ಲ. ತಿನ್ನೋದೇ ಬಿಡಿ ಅನ್ನುವವರ ವಾದ ಇನ್ನೂ ನೇರವಾಗಿದೆ, ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ನನ್ನ ಕಣ್ಣಿಗೆ ಕಟ್ಟಿರೋದು ಆಯಿ. ಅವತ್ತು ಅವರೂ ಅಂಗಳಕ್ಕೆ ಬರಲಿಲ್ಲ. ಒಳಗೆ ಒಲೆಗೆ ಮುಖ ಮಾಡಿ, ಜೋಳದ ದಂಟು ತುರುಕುತ್ತಾ ಕೂತಿದ್ದರು. ಒಂದು ವರ್ಷ ಉಣಿಸಿದ ಕೈ, ನೋಡೋಕೆ ಆಗಲಿಲ್ಲ. ಆದರೆ ಕೂಗು ನಿಂತ ಮೇಲೆ ತೋಳು ಮಡಚಿ ಹೊರಗೆ ಬಂದು ಕರುಳು ತೊಳೆದರು, ಎಲುಬು ಬೇಯಿಸಿದರು, ಕೋಸು ಹೆಚ್ಚಿದರು. ಬರಲಾಗದ ಮನೆಗಳಿಗೆ ಬಟ್ಟಲಲ್ಲಿ ಕಳಿಸಿದರು. ಚೂರಿ ಹಿಡಿದಿದ್ದ ನೆರೆಯವರನ್ನು ಕಾಂಗ್ ಮೇಲೆ, ಒಲೆಯ ಬಿಸಿ ಒಳಗೇ ಹರಿಯುವ ಆ ಇಟ್ಟಿಗೆ ಜಗಲಿಯ ಮೇಲೆ, ಬೆಚ್ಚನೆ ಜಾಗದಲ್ಲಿ ಕೂರಿಸಿ ಮೊದಲು ಬಡಿಸಿದರು. ನಾನೂ ಮುಖ ತಿರುಗಿಸಿದೆ, ಆಯಿಯೂ ತಿರುಗಿಸಿದರು. ವ್ಯತ್ಯಾಸ ಇಷ್ಟೇ: ಅವರು ಆಮೇಲೆ ವಾಪಸ್ ಬಂದಿದ್ದು ಕೆಲಸಕ್ಕೆ, ನಾನು ಬಂದಿದ್ದು ಊಟಕ್ಕೆ.

ಪಾತ್ರೆಯಲ್ಲಿ ಕೋಸು ಹೊಳೆಯುತ್ತಿದೆ. ಈ ಸಲದ್ದು ಸೂಪರ್‌ಮಾರ್ಕೆಟ್ ಪ್ಯಾಕೆಟ್ಟು, ಮಾಂಸವೂ ಪ್ಲಾಸ್ಟಿಕ್ ಸುತ್ತಿದ್ದು. ಯಾವ ಹಂದಿ, ಯಾರ ಚೂರಿ, ಗೊತ್ತಿಲ್ಲ. ಫೋನ್‌ನಲ್ಲಿ ಸಹೋದ್ಯೋಗಿಯ ಮೆಸೇಜು ಎರಡು ದಿನದಿಂದ ಕಾಯ್ತಾ ಇದೆ: ಮುಂದಿನ ವಾರ ಊರಲ್ಲಿ ಹಂದಿ ಕೊಯ್ತೀವಿ, ಈ ಸಲವೂ ಬಾ.

"ಬರ್ತೀನಿ. ಬೋಗುಣಿ ನಾನು ಹಿಡೀತೀನಿ" ಅಂತ ಕಳಿಸಿದೆ. ಕೈ ನಡುಗುತ್ತೆ ಅಂತ ಗೊತ್ತು, ನಡುಗಲಿ. ಹಿಡಿಯೋಕೆ ಆಗಲೇ ಇಲ್ಲ ಅಂದರೆ ಹಂದಿ ತಿನ್ನೋದು ಬಿಡ್ತೀನಿ. ಬದಲಿಗೆ ಕುರಿ ಹುಡುಕಲ್ಲ.