ಒಂಟಿಗಣ್ಣು

ಹೆಬ್ಬಾಳದ ಮೇಲ್ಸೇತುವೆಗೆ ಬಸ್ಸು ಏರುವಾಗ ನನ್ನದೊಂದು ಹುಚ್ಚಾಟ ಇದೆ. ಕಿಟಕಿ ಪಕ್ಕ ಕೂತು ಒಂದು ಕಣ್ಣು ಮುಚ್ಚಿಕೊಳ್ಳುತ್ತೇನೆ. ಹತ್ತಿರದ ದೀಪದ ಕಂಬಗಳು ಸರ್ರನೆ ಹಿಂದಕ್ಕೋಡುತ್ತವೆ, ಕೆರೆಯಂಚಿನ ಮರಗಳು ನಿಧಾನಕ್ಕೆ ಸರಿಯುತ್ತವೆ, ಆಚೆಯ ಅಪಾರ್ಟ್‌ಮೆಂಟುಗಳು ಕದಲಿದವೋ ಇಲ್ಲವೋ. ಯಾವುದು ದೂರ, ಯಾವುದು ಹತ್ತಿರ ಎಂದು ಒಂದೇ ಕಣ್ಣಿಗೆ ಸಲೀಸಾಗಿ ಗೊತ್ತಾಗಿಬಿಡುತ್ತದೆ. ಇನ್ನೊಂದು ಕಣ್ಣಿನ ಕೆಲಸವನ್ನು ಬಸ್ಸೇ ಮಾಡುತ್ತಿರುತ್ತದೆ.

ಆಗೆಲ್ಲ ನೆನಪಾಗುವುದು ಮಿಯೋಸ್ ಎಂಬ ಜರ್ಮನ್ ಕ್ಯಾಮೆರಾ. ಅದಕ್ಕೂ ಒಂಟಿಗಣ್ಣೇ. ಒಂದು ಮಸೂರ, ಅದರ ಹಿಂದೆ ಮೂರು ಸಾಲು ಸಂವೇದಕಗಳು. ಒಂದು ಸಾಲಿಗೆ ಮುಂದಿನ ನೆಲ, ಒಂದಕ್ಕೆ ನೇರ ಕೆಳಗಿನದು, ಮತ್ತೊಂದಕ್ಕೆ ದಾಟಿಬಂದದ್ದು. ಒಂದೇ ಬೆಟ್ಟವನ್ನು ಹೋಗಹೋಗುತ್ತ ಮೂರು ಸಲ ನೋಡಿ ಅದರ ಎತ್ತರ ಹೇಳುವ ಉಪಾಯ. 150 ಕಿಲೋ ತೂಕದ ಸ್ರಾಸ್-2 ಉಪಗ್ರಹ ಅದನ್ನು ಹೊತ್ತು 1988ರ ಜುಲೈ 13ರಂದು ಶ್ರೀಹರಿಕೋಟದಿಂದ ಹೊರಟಿತು. ಎಎಸ್‌ಎಲ್‌ವಿ ರಾಕೆಟ್ ನಡುದಾರಿಯಲ್ಲೇ ಹತೋಟಿ ತಪ್ಪಿ ಎಲ್ಲವೂ ಬಂಗಾಳ ಕೊಲ್ಲಿಯ ಪಾಲಾಯಿತು.

ಮತ್ತೊಂದು ಮಿಯೋಸ್ ಬಂತು. 1993ರ ಸೆಪ್ಟೆಂಬರ್ 20, ಮೊಟ್ಟಮೊದಲ ಪಿಎಸ್‌ಎಲ್‌ವಿ, ಐಆರ್‌ಎಸ್-1ಇ ಉಪಗ್ರಹ. ಎರಡನೇ ಹಂತ ಕಳಚುವಾಗ ತೊನೆದಾಟ, ಜೊತೆಗೆ ಸಾಫ್ಟ್‌ವೇರಿನಲ್ಲೊಂದು ತಪ್ಪು. ಮತ್ತೆ ಅದೇ ಕೊಲ್ಲಿ! ಎರಡು ಸಲವೂ ಇಸ್ರೊ ಅಧ್ಯಕ್ಷರಾಗಿದ್ದವರು ಯು.ಆರ್. ರಾವ್, ನಮ್ಮ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಕಟ್ಟಿಸಿದವರು. ಅವರ ಆ ಎರಡು ರಾತ್ರಿಗಳನ್ನು ಊಹಿಸಲು ನನಗೆ ಧೈರ್ಯವಿಲ್ಲ.

ನನ್ನನ್ನು ಕಾಡುವುದು ಆ ಕಣ್ಣು. ನೋಡಲೆಂದೇ ಅಷ್ಟು ನಯವಾಗಿ ಉಜ್ಜಿದ ಗಾಜು. ಲ್ಯಾಬಿನ ಗೋಡೆ, ಪರೀಕ್ಷೆಯ ಕಪ್ಪುಬಿಳುಪು ಗೆರೆಗಳು, ಇಷ್ಟನ್ನು ಕಂಡಿದ್ದೀತು, ಅಷ್ಟೇ. ಇದೇ ಉಪಾಯದ ಇನ್ನೊಂದು ಜರ್ಮನ್ ಕ್ಯಾಮೆರಾ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯಲ್ಲಿ 2003ರ ಕೊನೆಗೆ ಮಂಗಳ ಸೇರಿ ಅಲ್ಲಿನ ಕಣಿವೆಗಳ ಆಳ ಅಳೆದುಕೊಟ್ಟಿತು. ಮಿಯೋಸಿಗೆ ನಮ್ಮ ನಂದಿಬೆಟ್ಟವೂ ಸಿಗಲಿಲ್ಲ.

ಮೊನ್ನೆ ಸೇತುವೆಯ ನಡುವೆಯೇ ಬಸ್ಸು ನಿಂತಿತು, ಹೆಬ್ಬಾಳದಲ್ಲಿ ನಿಲ್ಲದ ದಿನ ಯಾವುದು? ಒಂದು ಕಣ್ಣು ಮುಚ್ಚಿಯೇ ಇತ್ತು. ಕಂಬ, ಮರ, ಕಟ್ಟಡ ಎಲ್ಲವೂ ಒಂದೇ ಪರದೆಗೆ ಅಂಟಿಸಿದ ಹಾಗೆ ಚಪ್ಪಟೆ. ಪಕ್ಕದ ಹೆಂಗಸು, “ಕಣ್ಣಿಗೆ ಏನಾದ್ರೂ ಬಿತ್ತಾ?” ಎಂದರು. ಇಲ್ಲ ಎಂದು ತಲೆಯಾಡಿಸಿದೆ. ಗೇರು ಬಿದ್ದ ಸದ್ದಾಯಿತು. ಕಂಬ ಮರದಿಂದ ಮೆಲ್ಲಗೆ ಬಿಡಿಸಿಕೊಂಡು ಹಿಂದೆ ಸರಿಯಿತು.