ದಂಡವೂ ಸುಂಕವೂ

ದಂಡ ತೆರಲು ಸಿದ್ಧನಾದವನಿಗೆ ನಿಯಮವನ್ನು ಮುರಿಯುವ ಅಧಿಕಾರವುಂಟೇ? ಕಾಲ್ಚೆಂಡಿನ ಆಟವು ಈ ಪ್ರಶ್ನೆಯನ್ನು ನಿಚ್ಚಳವಾಗಿ ಮುಂದಿಡುತ್ತದೆ.

ಎದುರಾಳಿಯು ಚೆಂಡಿನೊಡನೆ ಗೋಲಿನತ್ತ ಧಾವಿಸುತ್ತಿರುವನು. ಚೆಂಡು ತನಗೆ ದಕ್ಕದೆಂದು ತಿಳಿದ ರಕ್ಷಕನು ಅವನ ಅಂಗಿಯನ್ನು ಹಿಡಿದೆಳೆಯುವನು. ಆಟ ನಿಲ್ಲುವುದು, ತೀರ್ಪುಗಾರನು ಹಳದಿ ಕಾರ್ಡು ತೋರಿಸುವನು, ಅಷ್ಟರಲ್ಲಿ ರಕ್ಷಕನ ಸಂಗಡಿಗರು ತಂತಮ್ಮ ಸ್ಥಾನ ಸೇರಿರುವರು. ಇದು ಕೈತಪ್ಪಿ ಆದುದಲ್ಲ. ಲಾಭನಷ್ಟಗಳನ್ನು ತೂಗಿ ಮಾಡಿದುದು.

2010ರ ಜುಲೈ 2ರಂದು ಜೊಹಾನ್ಸ್‌ಬರ್ಗಿನಲ್ಲಿ ವಿಶ್ವಕಪ್ಪಿನ ಪಂದ್ಯ. ಉರುಗ್ವೆ ಮತ್ತು ಘಾನಾ 1–1ರಿಂದ ಸಮನಾಗಿದ್ದವು. ಹೆಚ್ಚುವರಿ ಅವಧಿಯ ಕೊನೆಯ ಗಳಿಗೆಯಲ್ಲಿ ಗೋಲನ್ನು ಹೊಗುತ್ತಿದ್ದ ಚೆಂಡನ್ನು ಉರುಗ್ವೆಯ ಸುವಾರೆಜ್ ಕೈಯಿಂದ ತಡೆದರು. ಕೆಂಪು ಕಾರ್ಡು ಪಡೆದು ಹೊರನಡೆದರು. ಘಾನಾಕ್ಕೆ ದೊರೆತ ಪೆನಾಲ್ಟಿ ಒದೆತವು ಅಡ್ಡಪಟ್ಟಿಗೆ ಬಡಿಯಿತು. ಕಡೆಗೆ ಉರುಗ್ವೆ ಪೆನಾಲ್ಟಿಗಳಲ್ಲಿ 4–2ರಿಂದ ಗೆದ್ದಿತು.

“ನಿಯಮವು ವಿಧಿಸಿದ ದಂಡವನ್ನು ಅವರು ಪೂರ್ಣವಾಗಿ ಅನುಭವಿಸಿದರಲ್ಲವೇ? ಇನ್ನು ದೋಷವೆಲ್ಲಿ?” ಎಂಬುದು ಪೂರ್ವಪಕ್ಷ. ಮೇಲುನೋಟಕ್ಕೆ ಇದು ಯುಕ್ತವೆಂದೇ ತೋರುವುದು. ಆದರೆ ಇಲ್ಲಿ ದಂಡವನ್ನು ಸುಂಕವೆಂದು ಭ್ರಮಿಸಲಾಗಿದೆ. ಮಂಡ್ಯ ಜಿಲ್ಲೆಯಲ್ಲಿ ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸುಂಕ ತೆತ್ತವನು ನಿರ್ದೋಷಿಯಾಗಿ ಸಾಗುವನು. ಸುಂಕವು ಅನುಮತಿಯ ಬೆಲೆ. ದಂಡವಾದರೋ ನಿಷೇಧದ ಧ್ವನಿ. “ಮಾಡಬೇಡ” ಎಂಬುದೇ ಅದರ ಅರ್ಥ.

ವಿಶ್ವೇಶ್ವರಯ್ಯ ನಾಲೆಯನ್ನು ನೋಡಿರಿ. ಕನ್ನಂಬಾಡಿಯ ನೀರು ಮಂಡ್ಯವನ್ನು ದಾಟಿ ಮದ್ದೂರು, ಮಳವಳ್ಳಿಗಳ ಕೊನೆಯ ಗದ್ದೆಗಳನ್ನು ಮುಟ್ಟಬೇಕು. ಮೇಲುಭಾಗದವನೊಬ್ಬನು ಪಾಳಿ ಮೀರಿ ತೂಬನ್ನೆತ್ತಿ, “ದಂಡ ಕಟ್ಟುವೆನು” ಎಂದರೆ, ಅವನು ಕಟ್ಟಿದ ಹಣವು ಕೊನೆಯ ರೈತನ ಪೈರಿಗೆ ನೀರಾಗುವುದೇ? ಹಣವು ಬೊಕ್ಕಸಕ್ಕೆ, ಒಣಗುವ ಪಾಡು ನೆರೆಯವನಿಗೆ. ಘಾನಾಕ್ಕೂ ದೊರೆತುದು ಗೋಲಲ್ಲ, ಗೋಲಿನ ಅವಕಾಶ ಮಾತ್ರ.

ಆಟವೆಂದಮೇಲೆ ಇಷ್ಟು ಕಠಿಣವಾಗಬೇಕೆ ಎನ್ನಬಹುದು. ಆಟದ ತಪ್ಪು ಕಿರಿದೇ ಸರಿ. ಅದರಿಂದ ಬಲಿಯುವ ಅಭ್ಯಾಸ ಕಿರಿದಲ್ಲ. ಬಯಲಿನಲ್ಲಿ ತೂಗಲು ಕಲಿತ ಮನಸ್ಸು ನಾಲೆಯ ಮೇಲೂ ತೂಗುವುದು. ಅರಿಯದೆ ಮಾಡಿದ ಪಾಪವೂ ಬಯಸಿ ಮಾಡಿದ ಪಾಪವೂ ಒಂದಲ್ಲವೆಂದು ಧರ್ಮಶಾಸ್ತ್ರಕಾರರು ಬಗೆದರು. ಶರಣರು ಹೊರಗಿನ ಶುದ್ಧಿಯೊಡನೆ ಒಳಗಿನ ಶುದ್ಧಿಯನ್ನೂ ಬೇಡಿದರು. ದಂಡ ತೆತ್ತೊಡನೆ ಹೊರಗಿನ ಲೆಕ್ಕ ತೀರೀತು. ಎದುರಾಳಿಗೆ ಸಲ್ಲಬೇಕಾದುದನ್ನು ತಿಳಿದೂ ಕಸಿದ ಮನಸ್ಸಿನ ಲೆಕ್ಕ ತೀರುವುದೆಂತು? ತೀರ್ಪುಗಾರನ ಪುಸ್ತಕದಲ್ಲಿ ಅದಕ್ಕೆ ಪುಟವಿಲ್ಲ. ಅದನ್ನು ತಾನೇ ಬರೆದು ತಾನೇ ಓದಿಕೊಳ್ಳಬೇಕು.