ಕಾಣದ್ದು, ಇಲ್ಲದ್ದು

ಕಣ್ಣಿಗೆ ಬೀಳಲಿಲ್ಲ ಎಂದ ಮಾತ್ರಕ್ಕೆ ವಸ್ತು ಇಲ್ಲವೆಂದು ಹೇಳಬಹುದೇ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಬಹಳ ಹಳೆಯದು. ಊರ ದೀಪಗಳ ನಡುವೆ ನಿಂತು ಮಸುಕು ನೀಹಾರಿಕೆಗಳ ಚಿತ್ರ ತೆಗೆಯುವ ಹವ್ಯಾಸಿಗೆ ಇದೇ ಪ್ರಶ್ನೆ ಪ್ರತಿ ರಾತ್ರಿ ಎದುರಾಗುತ್ತದೆ. ನೀಹಾರಿಕೆ ಎಂದರೆ ನಕ್ಷತ್ರಗಳ ನಡುವೆ ಹರಡಿರುವ ಅನಿಲ ಮತ್ತು ದೂಳಿನ ಮೋಡ. ಅವುಗಳಲ್ಲಿ ಬರಿಗಣ್ಣಿಗೆ ಕಾಣುವವು ಬೆರಳೆಣಿಕೆಯಷ್ಟು; ಉಳಿದವನ್ನು ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದರೂ ಹಲವು ಸಲ ಏನೂ ತೋರುವುದಿಲ್ಲ. ಆದರೂ ಅದೇ ಜಾಗದಿಂದ ತೆಗೆದ ಚಿತ್ರದಲ್ಲಿ ಅವು ಮೂಡುತ್ತವೆ.

ಉದಾಹರಣೆಗೆ, ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿ ಗ್ರಾಮ ಇರುವುದು ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬಿಳಿಜೋಳ ತೆನೆಗೆ ಬರುವ ಚಳಿಗಾಲದಲ್ಲಿ ಮಹಾವ್ಯಾಧ ಪುಂಜದ ದೊಡ್ಡ ನೀಹಾರಿಕೆ ಇಲ್ಲಿಯ ದಕ್ಷಿಣ ಆಕಾಶದಲ್ಲಿ ಸುಮಾರು 68 ಡಿಗ್ರಿ ಎತ್ತರಕ್ಕೇರುತ್ತದೆ. ಮಾಳಿಗೆ ಹತ್ತಿದರೆ ನಾಲ್ಕೂ ದಿಕ್ಕು ಬಯಲು, ಗುಡ್ಡದ ಅಡ್ಡಿಯಿಲ್ಲ. ಆದರೆ ಸಮೀಪದ ಕೂಡಗಿಯಲ್ಲಿ 2,400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ, ಓಣಿಗಳಲ್ಲಿ ಎಲ್‌ಇಡಿ ದೀಪಗಳಿವೆ. ಮೇಲಕ್ಕೆ ಚೆಲ್ಲಿದ ಬೆಳಕು ದೂಳಿಗೂ ಗಾಳಿಗೂ ತಾಗಿ ಮತ್ತೆ ಕೆಳಗಿಳಿಯುತ್ತದೆ. ನಗರಗಳ ಪಾಡು ಇನ್ನೂ ಕಷ್ಟದ್ದು: ದೊಡ್ಡ ನಗರದ ಆಕಾಶ ಅಪ್ಪಟ ಕತ್ತಲೆಯ ಆಕಾಶಕ್ಕಿಂತ 40 ಪಟ್ಟು ಬೆಳ್ಳಗಿರುವುದುಂಟು. ವೃತ್ತಿಯ ಖಗೋಳಜ್ಞರು ಇದಕ್ಕೆ ಕಂಡುಕೊಂಡ ಉಪಾಯ ದೂರ ಹೋಗುವುದು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ 2 ಮೀಟರ್ ದೂರದರ್ಶಕ ನಿಲ್ಲಿಸಿ, ಅದನ್ನು ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. ಮನೆಯ ಮಾಳಿಗೆಯನ್ನೇ ನೆಚ್ಚಿದವರಿಗೆ ಆ ದಾರಿಯಿಲ್ಲ. ಇರುವ ಬೆಳಕಿನಲ್ಲೇ ಅವರು ದಾರಿ ಹುಡುಕಬೇಕು.

ಇರುವ ವಸ್ತು ಏಕೆ ಕಾಣುವುದಿಲ್ಲ ಎಂಬುದನ್ನು ಅತ್ಯಂತ ಅಚ್ಚುಕಟ್ಟಾಗಿ ವಿಂಗಡಿಸಿದ ಗ್ರಂಥ ಈಶ್ವರಕೃಷ್ಣನ ಸಾಂಖ್ಯಕಾರಿಕೆ. 6ನೇ ಶತಮಾನದಲ್ಲೇ ಪರಮಾರ್ಥನು ಚೀನೀ ಭಾಷೆಗೆ ತಂದ ಈ ಗ್ರಂಥದ ಏಳನೆಯ ಕಾರಿಕೆ ಎಂಟು ಕಾರಣ ಕೊಡುತ್ತದೆ: ಅತಿ ದೂರ, ಅತಿ ಸಮೀಪ, ಇಂದ್ರಿಯದ ಊನ, ಮನಸ್ಸು ಬೇರೆಡೆ ಇರುವುದು, ಸೂಕ್ಷ್ಮತೆ, ಅಡ್ಡ ಬಂದ ಮರೆ, ಅಭಿಭವ, ಸಮಾನಾಭಿಹಾರ. ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೇ ಕಾಣದಿರುವುದು ಅತಿ ಸಾಮೀಪ್ಯಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ. ಕೊನೆಯ ಎರಡನ್ನು ಬಿಡಿಸಿ ನೋಡಬೇಕು. ಹಗಲಿನ ಸೂರ್ಯಪ್ರಭೆ ನಕ್ಷತ್ರಗಳನ್ನು ಅಡಗಿಸಿಬಿಡುವುದು ಅಭಿಭವ. ಬಲವಾದದ್ದು ಬಡವಾದದ್ದನ್ನು ಮುಚ್ಚಿಹಾಕುತ್ತದೆ. ಕೆರೆಗೆ ಬಿದ್ದ ಮಳೆಹನಿಯನ್ನು ಬೇರೆಯಾಗಿ ಗುರುತಿಸಲಾಗದಿರುವುದು ಸಮಾನಾಭಿಹಾರ. ಹನಿ ಯಾವುದಕ್ಕೂ ಸೋತಿಲ್ಲ, ತನ್ನಂಥದರಲ್ಲೇ ಬೆರೆತುಹೋಗಿದೆ.

ಊರಬೆಳಕು ನೀಹಾರಿಕೆಯನ್ನು ಮರೆಸುವುದು ಮೇಲ್ನೋಟಕ್ಕೆ ಅಭಿಭವದಂತೆಯೇ ತೋರುತ್ತದೆ, ಕಣ್ಣಿನ ಮಟ್ಟಿಗೆ ಅದು ನಿಜವೂ ಹೌದು. ಕ್ಯಾಮೆರಾದ ಮಟ್ಟಿಗೆ ಮಾತ್ರ ಅದನ್ನು ಸಮಾನಾಭಿಹಾರವೆನ್ನುವುದೇ ಸರಿ. ನೀಹಾರಿಕೆಯ ಬೆಳಕಿನ ಕಣಗಳು ಬೀದಿದೀಪದ ಕಣಗಳ ಜೊತೆಯಲ್ಲೇ ಸಂವೇದಕಕ್ಕೆ ಬಂದು ಬೀಳುತ್ತವೆ, ಊರಬೆಳಕು ಅವುಗಳಲ್ಲಿ ಒಂದನ್ನೂ ತಡೆಯುವುದಿಲ್ಲ. ಯಾವ ಹನಿ ಮಳೆಯದು, ಯಾವುದು ಕೆರೆಯದು ಎಂದು ಬೇರ್ಪಡಿಸುವುದಷ್ಟೇ ಉಳಿದ ಕೆಲಸ. ಹವ್ಯಾಸಿಯ ಪರಿಶ್ರಮಕ್ಕೆ ಅರ್ಥ ಬರುವುದು ಇದರಿಂದಲೇ. ಕಣ ಬಾರದೇ ಹೋಗಿದ್ದರೆ ಯಾವ ಜಾಣತನವೂ ಅದನ್ನು ತರಲಾರದು.

ಬೇರ್ಪಡಿಸಲು ಎರಡು ದಾರಿಗಳಿವೆ. ಒಂದು, ಸಾಮ್ಯವನ್ನೇ ಮುರಿಯುವುದು. ಕೆಂಪು ನೀಹಾರಿಕೆಗಳ ಜಲಜನಕ 656.3 ನ್ಯಾನೋಮೀಟರ್ ತರಂಗದಲ್ಲಿ ಹೊಳೆಯುತ್ತದೆ, ಆಮ್ಲಜನಕ 500.7ರಲ್ಲಿ. ಆ ತರಂಗದ ಆಚೀಚೆ ಕೆಲವೇ ನ್ಯಾನೋಮೀಟರ್ ಬಿಟ್ಟು ಮಿಕ್ಕಿದ್ದನ್ನೆಲ್ಲ ತಡೆಯುವ ಫಿಲ್ಟರ್ ಹಾಕಿದರೆ ದೀಪಗಳ ಬೆಳಕಿನ ಬಹುಪಾಲು ಹೊರಗೇ ನಿಲ್ಲುತ್ತದೆ. ಇನ್ನೊಂದು ದಾರಿ ಎಣಿಕೆ. ಐದು ನಿಮಿಷ ತೆರೆದಿಟ್ಟು ತೆಗೆದ ಒಂದು ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತೆರೆದರೆ ಕಾಣುವುದು ಬೂದು ಬಣ್ಣದ ಹಾಳೆ, ಅದರ ಮೇಲೆ ಮರಳು ಎರಚಿದಂತೆ ಚುಕ್ಕೆಗಳು, ಒಂದು ಮೂಲೆಯಲ್ಲಿ ಉಪಗ್ರಹ ಹಾದುಹೋದ ಬಿಳಿ ಗೀರು. ಅಂಥ ನೂರು ಚಿತ್ರಗಳನ್ನು ನಕ್ಷತ್ರಕ್ಕೆ ನಕ್ಷತ್ರ ಕೂಡಿಸಿ ಒಂದರ ಮೇಲೊಂದು ಪೇರಿಸಿದರೆ ನೀಹಾರಿಕೆಯ ಬೆಳಕು ನೂರು ಪಟ್ಟಾಗುತ್ತದೆ, ಮರಳಿನಂಥ ಕಲಕಾಟ ಹತ್ತು ಪಟ್ಟಷ್ಟೇ ಬೆಳೆಯುತ್ತದೆ. ಚಿತ್ರದ ಸ್ಪಷ್ಟತೆ ಎರಡರಷ್ಟಾಗಬೇಕಾದರೆ ಹೊತ್ತು ನಾಲ್ಕರಷ್ಟು ಹಿಡಿಯುತ್ತದೆ. ಊರಬೆಳಕಿನ ಸರಾಸರಿಯನ್ನು ಕಳೆದುಬಿಡಬಹುದು. ಅದರ ಏರಿಳಿತವನ್ನು ಕಳೆಯಲಾಗದು. ಬೆಳಕು ಹೆಚ್ಚಿದ ಊರಿನಲ್ಲಿ ಒಂದೇ ನೀಹಾರಿಕೆಗೆ ಹಲವು ರಾತ್ರಿ ಕಾಯಬೇಕಾಗುವುದು ಇದಕ್ಕೇ.

ಹೀಗೆ ಮೂಡಿದ ಚಿತ್ರ ಪ್ರತ್ಯಕ್ಷವೋ, ಅನುಮಾನವೋ? ನ್ಯಾಯದರ್ಶನಕ್ಕೆ ಪ್ರತ್ಯಕ್ಷವೆಂದರೆ ಇಂದ್ರಿಯವೂ ವಿಷಯವೂ ಸೇರಿದಾಗ ಹುಟ್ಟುವ ಜ್ಞಾನ; ಅನುಮಾನವೆಂದರೆ ಕಂಡ ಗುರುತಿನಿಂದ ಕಾಣದ್ದನ್ನು ತರ್ಕಿಸಿ ಅರಿಯುವುದು. ಮಹಾವ್ಯಾಧದ ನೀಹಾರಿಕೆ ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿದೆ. ಈಗ ಸಂವೇದಕಕ್ಕೆ ತಾಗುವ ಬೆಳಕು ಬಾದಾಮಿ ಚಾಲುಕ್ಯರ ಕಾಲದಲ್ಲಿ ಹೊರಟದ್ದು. ಸ್ಪರ್ಶವಂತೂ ಆಗಿದೆ, ಆದರೆ ಕಣ್ಣಿಗಲ್ಲ, ಯಂತ್ರಕ್ಕೆ. ವಸ್ತುವಿನ ಇಂದಿನ ಸ್ಥಿತಿಯೊಂದಿಗೂ ಅಲ್ಲ. 1883ರಲ್ಲಿ ಇಂಗ್ಲೆಂಡಿನ ಆಂಡ್ರೂ ಐನ್ಸ್ಲಿ ಕಾಮನ್ ಇದೇ ನೀಹಾರಿಕೆಯನ್ನು ದೀರ್ಘಕಾಲ ತೆರೆದಿಟ್ಟ ಫಲಕದಲ್ಲಿ ಹಿಡಿದಾಗ, ದೂರದರ್ಶಕಕ್ಕೆ ಕಣ್ಣಿಟ್ಟವರಿಗೂ ಕಾಣದ ನಕ್ಷತ್ರಗಳು ಮೊದಲ ಬಾರಿಗೆ ಚಿತ್ರದಲ್ಲಿ ಬಂದವು. ಅಲ್ಲಿಯವರೆಗೆ ಕಂಡದ್ದನ್ನು ದಾಖಲಿಸುತ್ತಿದ್ದ ಚಿತ್ರ ಅಂದಿನಿಂದ ಕಾಣದ್ದಕ್ಕೂ ಸಾಕ್ಷಿಯಾಯಿತು.

ಸಾಕ್ಷಿ ಇದೆಯೆಂದು ನಿರ್ಣಯವೂ ಸರಿಯಿರಲೇಬೇಕೆಂದಿಲ್ಲ. 1864ರಲ್ಲಿ ವಿಲಿಯಂ ಹಗಿನ್ಸ್ ನೀಹಾರಿಕೆಯೊಂದರ ರೋಹಿತದಲ್ಲಿ ಕಂಡ ಹಸಿರು ಗೆರೆ ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಅದಕ್ಕಾಗಿ ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಊಹಿಸಿದರು. ಅದು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ್ದೇ ಗೆರೆಯೆಂದು ಇರಾ ಬೋವೆನ್ ತೋರಿಸುವ ಹೊತ್ತಿಗೆ 1927 ಬಂದಿತ್ತು. ಗೆರೆ ಸುಳ್ಳಾಗಿರಲಿಲ್ಲ, ಅದರಿಂದ ಕಟ್ಟಿದ ಅನುಮಾನ ಸುಳ್ಳಾಗಿತ್ತು. ಆಕಾಶ ಚಿತ್ರವನ್ನು ಪ್ರತ್ಯಕ್ಷದ ಬುನಾದಿಯ ಮೇಲೆ ಕಟ್ಟಿದ ಅನುಮಾನ ಎನ್ನುವುದೇ ನ್ಯಾಯವಾದ ವರ್ಣನೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಯಂತ್ರಕ್ಕೂ ಒಪ್ಪುತ್ತದೆ. ಆದ್ದರಿಂದ ಹವ್ಯಾಸಿ ದೂರದರ್ಶಕದ ಬಾಯಿಗೆ ಮುಚ್ಚಳ ಹಾಕಿ, ಅಷ್ಟೇ ಹೊತ್ತು, ಅಷ್ಟೇ ತಂಪಿನಲ್ಲಿ ಕತ್ತಲೆಯ ಚಿತ್ರಗಳನ್ನೂ ತೆಗೆಯುತ್ತಾನೆ. ಬೆಳಕೇ ಬೀಳದಾಗಲೂ ಸಂವೇದಕ ಏನನ್ನು ‘ಕಾಣುತ್ತದೆ’ ಎಂಬುದು ಅವುಗಳಲ್ಲಿ ಗೊತ್ತಾಗುತ್ತದೆ; ಆ ದೋಷವನ್ನು ಚಿತ್ರದಿಂದ ಕಳೆಯುತ್ತಾನೆ. ನೋಡುವವನು ತನ್ನ ಕಣ್ಣಿನ ಊನವನ್ನು ಮೊದಲು ಅಳೆದುಕೊಳ್ಳುವ ಈ ಕ್ರಮ ಇಡೀ ಕಸುಬಿನಲ್ಲೇ ಶ್ರೇಷ್ಠವಾದದ್ದು. ಇದಕ್ಕೆ ತದ್ವಿರುದ್ಧವಾದದ್ದು, ಕಲಕಾಟ ಅಳಿಸುವ ನೆಪದಲ್ಲಿ ಕಂಪ್ಯೂಟರಿನಿಂದ ಇಲ್ಲದ ಎಳೆಗಳನ್ನು ಬರೆಸಿಕೊಳ್ಳುವುದು. ಅಲ್ಲಿ ಚಿತ್ರ ಸಾಕ್ಷಿಯ ಪದವಿಯನ್ನೇ ಕಳೆದುಕೊಳ್ಳುತ್ತದೆ.

ಏನೂ ಮೂಡದಿದ್ದರೆ ವಸ್ತು ಇಲ್ಲವೆನ್ನಬಹುದೇ? ಕುಮಾರಿಲ ಭಟ್ಟನ ಮೀಮಾಂಸೆ ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ಸ್ವತಂತ್ರ ಪ್ರಮಾಣವೆಂದೇ, ಅಂದರೆ ಜ್ಞಾನದ ಸಾಧನವೆಂದೇ, ಒಪ್ಪುತ್ತದೆ, ಆದರೆ ಯೋಗ್ಯತೆಯ ಕಟ್ಟಳೆ ಹಾಕಿ: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲ. ಆಂಡ್ರೊಮಿಡಾ ಗೆಲಾಕ್ಸಿಯ ಚಿತ್ರವನ್ನು 1880ರ ದಶಕದಿಂದ ಅಸಂಖ್ಯ ಜನ ತೆಗೆದಿದ್ದಾರೆ. ಆದರೆ ಅದರ ಪಕ್ಕದಲ್ಲೇ ಮೂರು ಹುಣ್ಣಿಮೆ ಚಂದ್ರರಷ್ಟು ಉದ್ದದ ಆಮ್ಲಜನಕದ ಕಮಾನೊಂದು ಇರುವುದು ಪ್ರಕಟವಾದದ್ದು 2023ರಲ್ಲಿ. ಅದನ್ನು ಕಂಡವರು ಹವ್ಯಾಸಿಗಳು, ನೂರು ಗಂಟೆಗೂ ಮೀರಿ ಬೆಳಕು ಕೂಡಿಹಾಕಿದವರು. ಬೇರೆಯವರು ಬೇರೆ ದೂರದರ್ಶಕಗಳಿಂದಲೂ ಅದನ್ನು ಹಿಡಿದ ಮೇಲೆ ಇರವು ಖಚಿತವಾಯಿತು. ಹಿಂದಿನ ಚಿತ್ರಗಳಿಗೆ ಅದನ್ನು ಕಾಣುವ ಯೋಗ್ಯತೆಯೇ ಇರಲಿಲ್ಲವಾದ್ದರಿಂದ ಅವುಗಳ ಮೌನ ಏನನ್ನೂ ಹೇಳುತ್ತಿರಲಿಲ್ಲ.

ಈ ತರ್ಕವನ್ನು ಧರ್ಮದ ಚರ್ಚೆಗೆ ಎಳೆಯುವವರುಂಟು: ನೀಹಾರಿಕೆಯಂತೆಯೇ ದೇವರೂ ಮರೆಯಾಗಿದ್ದಾನೆ, ಕಾಣದಿರುವುದು ನಮ್ಮ ಕೊರತೆ. ಹೋಲಿಕೆ ಚೆಂದವಾದರೂ ದುರ್ಬಲ. ಎಂಟು ಕಾರಣಗಳಲ್ಲಿ ಯಾವುದು, ಅದನ್ನು ತೆಗೆದರೆ ಏನು ಕಾಣಬೇಕು ಎಂದು ಹೇಳದ ಹೊರತು ಅದು ವಾದವಾಗುವುದಿಲ್ಲ. ಸಾಂಖ್ಯಕಾರಿಕೆಯ ಎಂಟನೆಯ ಕಾರಿಕೆ ಪ್ರಕೃತಿಯ, ಅಂದರೆ ಜಗತ್ತಿನ ಮೂಲದ್ರವ್ಯದ, ಬಗ್ಗೆ ಇದನ್ನು ಹೇಳಿಯೇ ಮುಂದುವರಿಯುತ್ತದೆ: ಪ್ರಕೃತಿ ಕಾಣದಿರುವುದು ಸೂಕ್ಷ್ಮತೆಯಿಂದ, ಇಲ್ಲದ್ದರಿಂದಲ್ಲ, ಅದರ ಕಾರ್ಯಗಳಿಂದ ಅದನ್ನು ಅರಿಯಬೇಕು. ಈಶ್ವರನನ್ನು ಸಾಧಿಸಲು ಮಾತ್ರ ಈಶ್ವರಕೃಷ್ಣ ಈ ಯುಕ್ತಿಯನ್ನು ಬಳಸಲಿಲ್ಲ.

ಗೊಳಸಂಗಿಯ ಸೀಮೆಯಲ್ಲೇ, ಬಾಗೇವಾಡಿಯಲ್ಲಿ, 12ನೇ ಶತಮಾನದಲ್ಲಿ ಹುಟ್ಟಿದ ಬಸವಣ್ಣನವರೂ ಅವರ ಸಂಗಡದ ಶರಣರೂ ಹಿಡಿದ ದಾರಿ ಇನ್ನೂ ಬೇರೆ. ಅವರು ಅರಿವು ಮತ್ತು ಕುರುಹು ಎಂದು ಎರಡು ಮಾತು ಬಳಸುತ್ತಾರೆ. ಅಂಗೈಯ ಇಷ್ಟಲಿಂಗ ಕುರುಹು; ಅದು ದೇವರಿದ್ದಾನೆಂಬುದಕ್ಕೆ ಪುರಾವೆಯಲ್ಲ, ಅರಿವಿಗೆ ನೆಲೆ. ನೀಹಾರಿಕೆಯ ಚಿತ್ರವೂ ಒಂದು ಕುರುಹೇ, ಆದರೆ ಅದು ತೋರುವ ವಸ್ತು ನೋಡುವವನಿಂದ ಬೇರೆಯಾಗಿ, ಒಂದು ದಿಕ್ಕಿನಲ್ಲಿ, ಒಂದು ದೂರದಲ್ಲಿದೆ. ಆ ಶರಣರಲ್ಲೊಬ್ಬರಾದ ಅಲ್ಲಮಪ್ರಭು ಬಯಲು ಎಂದು ಕರೆಯುವುದಕ್ಕೆ ದಿಕ್ಕೂ ಇಲ್ಲ, ದೂರವೂ ಇಲ್ಲ. ಅರಿಯುವವನು ಅದರಿಂದ ಬೇರೆಯಾಗಿ ಉಳಿಯುವುದೂ ಇಲ್ಲ. ಕಾಣದಿರುವುದರ ಎಂಟು ಕಾರಣಗಳು ಎದುರಿಗಿರುವ ವಸ್ತುವಿಗೆ ಸಂಬಂಧಿಸಿದವು. ಶರಣರ ಬಯಲು ಎದುರಿನ ವಸ್ತುವಲ್ಲವಾದ್ದರಿಂದ ಆ ಪಟ್ಟಿ ಅಲ್ಲಿಗೆ ಅನ್ವಯಿಸುವುದಿಲ್ಲ.